ಕತ್ತರಿ ಬೇರೆ, ಚಳಿ ಬೇರೆ



ಮನೆಯೊಂದಕ್ಕೆ ಸಾವುನೋವು ಬಂದಾಗ ನಮ್ಮವರ ಬಾಯಲ್ಲಿ ಸಲೀಸಾಗಿ ಬರುವ ಒಂದು ಮಾತಿದೆ: “ದೇವರು ನಿಮ್ಮನ್ನು ಸವರುತ್ತಿದ್ದಾರೆ. ಹೆಚ್ಚು ಫಲ ಕೊಡಲೆಂದೇ ಕತ್ತರಿ ಹಾಕಿದ್ದಾರೆ.” ಸಂತ ಯೊವಾನ್ನರ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಬರುವ ದ್ರಾಕ್ಷಾಬಳ್ಳಿಯ ಬೋಧನೆಯನ್ನು ಆಧರಿಸಿದ ಮಾತು ಅದು. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಆ ಮಾತು ಸರಿಯೇ?

ನಾನೂ ಅದನ್ನು ಹೇಳಿದವನೇ. ಕೆಲವು ವರ್ಷಗಳ ಹಿಂದೆ, ಹೆದ್ದಾರಿಯ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಮನೆಗೆ, ಮಣ್ಣು ಮಾಡಿದ ಮೂರನೆಯ ದಿನ ಹೋಗಿದ್ದೆ. ಏನು ಹೇಳಬೇಕೆಂದು ತೋಚದೆ ಬಳ್ಳಿಯ ಮಾತು ಎತ್ತಿದೆ. ಆ ತಾಯಿ ತಲೆ ಎತ್ತಿ, “ಹಾಗಾದರೆ ನನ್ನ ಮಗ ಬೇಡವಾದ ಕೊಂಬೆಯೇ, ಸ್ವಾಮಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷದ ತಪಸ್ಸುಕಾಲದಲ್ಲೂ ಪುನರುತ್ಥಾನದ ಹಬ್ಬದಲ್ಲೂ ಅವರು ದೇವಾಲಯಕ್ಕೆ ಬರಲಿಲ್ಲ.

ನಾನು ತಪ್ಪಿದ್ದು ಎಲ್ಲಿ? ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರ ಕೈಗೆ ದ್ರಾಕ್ಷಿಯ ಕತ್ತರಿಯ ಪರಿಚಯ ಕಡಿಮೆ. ನಮ್ಮದು ತೆಂಗು, ಅಡಿಕೆ, ರಾಗಿ. ತೆಂಗಿಗೆ ಬೆಳೆಯುವ ಸುಳಿ ಒಂದೇ. ಅದನ್ನು ಕತ್ತರಿಸಿದರೆ ಹೊಸ ಕೊಂಬೆ ಒಡೆಯುವುದಿಲ್ಲ, ಮರವೇ ಸಾಯುತ್ತದೆ. ಅಡಿಕೆಯೂ ಹಾಗೆಯೇ. ಕತ್ತರಿ ಹಾಕಿದರೆ ಚಿಗುರುತ್ತದೆ ಎಂಬ ಮಾತು ಎಲ್ಲ ಗಿಡಕ್ಕೂ ಸಲ್ಲುವುದಿಲ್ಲ.

ದ್ರಾಕ್ಷಿಯ ಕೆಲಸ ನೋಡಬೇಕಾದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೋಗಬೇಕು. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ‘ಬೆಂಗಳೂರು ಬ್ಲೂ’ ದ್ರಾಕ್ಷಿಯ ನಾಡು ಅದು. ಒಂದು ಡಿಸೆಂಬರಿನ ಬೆಳಿಗ್ಗೆ ಅಲ್ಲಿನ ಒಂದು ಚಪ್ಪರದ ಕೆಳಗೆ ನಿಂತು ಬೆಳೆಗಾರನ ಮಾತು ಕೇಳಿದೆ.

ಫ್ರಾನ್ಸಿನಂಥ ದೇಶಗಳಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆಹೋಗುತ್ತದೆ. ಆ ನಿದ್ದೆಯಲ್ಲೇ ಅದನ್ನು ಸವರುತ್ತಾರೆ. ಬೇಗ ಸವರಿದ ಬಳ್ಳಿ ಬೇಗ ಚಿಗುರುತ್ತದೆ, ಚಿಗುರಿದ ಮೇಲೆ ಹಿಮ ಬಿದ್ದರೆ ಸುಟ್ಟುಹೋಗುತ್ತದೆ. ಅದಕ್ಕೇ ಹಿಮದ ಭಯವಿರುವ ಕಡೆ ಬೇಕೆಂದೇ ತಡಮಾಡುವುದುಂಟು. ನಮ್ಮಲ್ಲಿ ಬಳ್ಳಿಗೆ ಆ ನಿದ್ದೆ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಕತ್ತರಿ. ವಿಜಯಪುರದ ಕಡೆಯವರು ಇದನ್ನು ‘ಚಾಟನಿ’ ಎನ್ನುತ್ತಾರೆ. ಏಪ್ರಿಲಿನಲ್ಲಿ ಒಂದೆರಡು ಕಣ್ಣು ಮಾತ್ರ ಬಿಟ್ಟು ಕತ್ತರಿಸುವುದು ಹೊಸ ಕಡ್ಡಿ ಬೆಳೆಯಲೆಂದು, ಅಕ್ಟೋಬರಿನದು ಹಣ್ಣಿಗೆಂದು. ಕತ್ತರಿ ಬಿದ್ದ ಕಡೆ ನೀರು ತೊಟ್ಟಿಕ್ಕುತ್ತದೆ, ಬಳ್ಳಿ ಅತ್ತಂತೆ. ಆದರೆ ಬಲ್ಲ ಬೆಳೆಗಾರ ಅಂದಾಜಿಗೆ ಕತ್ತರಿಸುವವನಲ್ಲ. ಉಳಿಸಬೇಕಾದ ಕಣ್ಣುಗಳನ್ನು ಮೊದಲು ಎಣಿಸಿಕೊಳ್ಳುತ್ತಾನೆ.

ಕಷ್ಟ ಬರುವುದು ಆಮೇಲೆ. ಎಳೆ ಚಿಗುರು ಹೊರಡುವ ಹೊತ್ತಿಗೆ ನಮ್ಮ ಚಳಿಗಾಲದ ಆಟ ಶುರುವಾಗಿರುತ್ತದೆ. ರಾತ್ರಿ 15 ಡಿಗ್ರಿಯ ಹತ್ತಿರ ಇಳಿದ ಶಾಖ ಮಧ್ಯಾಹ್ನ 28ರವರೆಗೂ ಏರೀತು. ಮರುದಿನ ಮೋಡ ಕವಿದು ಜಿನುಗುಮಳೆ. ಚಳಿ ಹೆಚ್ಚಾದರೆ ಕಣ್ಣುಗಳು ಒಂದೇ ಸಮನಾಗಿ ಒಡೆಯುವುದಿಲ್ಲ. ಇಬ್ಬನಿಯ ತೇವ ಎಲೆಯ ಮೇಲೆ ನಿಂತರೆ ಬೂಜುರೋಗ: ಮೇಲೆ ಎಣ್ಣೆ ಹನಿಸಿದಂಥ ಹಳದಿ ಮಚ್ಚೆ, ಕೆಳಗೆ ಬಿಳಿ ಬೂಜು. ಬೆಂಗಳೂರು ಬ್ಲೂ ಗಟ್ಟಿ ತಳಿಯಾದರೂ ಈ ರೋಗಕ್ಕೆ ಬೇಗ ತುತ್ತಾಗುತ್ತದೆ. ಆಗ ಬೆಳೆಗಾರ ಒತ್ತಾದ ಚಿಗುರನ್ನು ಬಿಡಿಸಿ ಗಾಳಿ ಬೆಳಕು ಆಡುವಂತೆ ಮಾಡುತ್ತಾನೆ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುತ್ತಾನೆ. ಬೆಳಗಾಗುವ ಮುಂಚೆ ಎದ್ದು ಎಲೆ ಮಗುಚಿ ನೋಡುತ್ತಾನೆ.

ನಾನು ಕೇಳಿದೆ, “ಚಳಿಯೂ ಒಂದು ರೀತಿ ಬಳ್ಳಿಯನ್ನು ಸವರಿದ ಹಾಗೆಯೇ ಅಲ್ಲವೇ?” ಆತ ನಕ್ಕುಬಿಟ್ಟ. “ಕತ್ತರಿ ನಂದು ಸ್ವಾಮಿ, ಚಳಿ ನಂದಲ್ಲ. ಚಳಿ ಬಂದಾಗ ನಾನು ಗಿಡದ ಕಡೆ ನಿಲ್ಲೋನು.”

ಗುರುಮಠದಲ್ಲಿ ವರ್ಷಗಟ್ಟಲೆ ಓದಿದ್ದು ಆ ಒಂದು ಮಾತಿನಲ್ಲಿ ನನಗೆ ಬೆಳಗಿತು. ಪ್ರಭು ಯೇಸು ತಮ್ಮ ಪಿತನನ್ನು ಕರೆದದ್ದು ತೋಟಗಾರನೆಂದು, ಚಳಿಯೆಂದಲ್ಲ. ಫಲ ಕೊಡುವ ಬಳ್ಳಿಗೆ ತೋಟಗಾರ ಮಾಡುವ ಕೆಲಸಕ್ಕೆ ಗ್ರೀಕ್ ಮೂಲದಲ್ಲಿರುವ ಪದದ ಅರ್ಥ ‘ಶುದ್ಧಮಾಡು’ ಎಂದು. ಕೂಡಲೇ ಮುಂದಿನ ವಾಕ್ಯದಲ್ಲಿ ಪ್ರಭು, ತಾವು ಆಡಿದ ವಾಕ್ಯದಿಂದಲೇ ಶಿಷ್ಯರು ಆಗಲೇ ಶುದ್ಧರಾಗಿದ್ದಾರೆಂದು ಹೇಳುತ್ತಾರೆ. ಹಾಗಾದರೆ ಪಿತನ ಕೈಯಲ್ಲಿರುವ ಕತ್ತರಿ ಯಾವುದು? ದೇವರ ವಾಕ್ಯ. ನಮ್ಮ ಜಂಬ, ದುರಾಸೆ, ಹಗೆತನಕ್ಕೆ ಅದು ತಗಲುತ್ತದೆ, ನೋಯಿಸುತ್ತದೆ. ಹೆದ್ದಾರಿಯ ಲಾರಿ, ಮಗುವಿನ ಜ್ವರ, ಕೈಕೊಟ್ಟ ಮಳೆ ಆ ಕತ್ತರಿಯಲ್ಲ.

ಸಂತ ಲೂಕರ ಹದಿಮೂರನೆಯ ಅಧ್ಯಾಯ ತೆರೆದು ನೋಡಿ. ಸಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎನ್ನುತ್ತಾರೆ ಪ್ರಭು. ಅದರ ಬೆನ್ನಲ್ಲೇ ಹಣ್ಣು ಬಿಡದ ಅಂಜೂರದ ಮರದ ಸಾಮತಿ ಹೇಳುತ್ತಾರೆ. ಅಲ್ಲಿನ ತೋಟಗಾರ ಇನ್ನೊಂದು ವರ್ಷ ಬಿಡಿ, ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ದೇವರು ಕೇಡನ್ನು ಬಯಸುವುದಿಲ್ಲ, ಅದಕ್ಕೆ ಆಸ್ಪದ ಕೊಡುವುದುಂಟು ಎಂದು ಸಂತ ತೋಮಸ್ ಅಕ್ವಿನಾಸರು ಗೆರೆ ಎಳೆದು ಬೋಧಿಸಿದರು. ಜಗದ್ಗುರು ಎರಡನೆಯ ಜಾನ್ ಪಾಲರು 1984ರಲ್ಲಿ ಮಾನವ ಸಂಕಟವನ್ನು ಕುರಿತು ಬರೆದ ಪತ್ರದಲ್ಲಿ ಯೋಬನನ್ನು ನೆನೆದು, ಎಲ್ಲ ಸಂಕಟವೂ ತಪ್ಪಿಗೆ ಬಂದ ಶಿಕ್ಷೆಯಲ್ಲ ಎಂದು ಸ್ಪಷ್ಟಪಡಿಸಿದರು.

“ಪ್ರಭು ತಾವು ಪ್ರೀತಿಸುವವರನ್ನು ಶಿಸ್ತಿಗೆ ಒಳಪಡಿಸುತ್ತಾರೆಂದು ಹಿಬ್ರಿಯರಿಗೆ ಬರೆದ ಪತ್ರದಲ್ಲಿ ಇದೆಯಲ್ಲ, ಸ್ವಾಮಿ?” ಎಂದು ನೀವು ಕೇಳಬಹುದು. ಇದೆ. ಚಳಿ ಹೊಡೆದ ಬಳ್ಳಿಯಿಂದಲೂ ತೋಟಗಾರ ಹಣ್ಣು ತೆಗೆಯಬಲ್ಲ. ದೇವರೂ ಸಂಕಟದೊಳಗಿಂದ ಒಳಿತನ್ನು ತರಬಲ್ಲರು. ನೊಂದವರು ವರ್ಷಗಳ ನಂತರ, “ಆ ಕಷ್ಟ ನನ್ನನ್ನು ತಿದ್ದಿತು” ಎಂದು ತಾವೇ ಹೇಳಿದರೆ ಅದು ವಿಶ್ವಾಸದ ಸಾಕ್ಷ್ಯ. ಅದೇ ಮಾತನ್ನು ಮೂರನೆಯ ದಿನ ನಾವು ಹೇಳಿದರೆ ಅದು ತೀರ್ಪು.

ತಂದೆತಾಯಿಗಳೇ, ಕತ್ತರಿ ನಿಮ್ಮ ಕೈಯಲ್ಲೂ ಇದೆ. ಮಕ್ಕಳನ್ನು ತಿದ್ದಲೇಬೇಕು, ಸವರದ ಬಳ್ಳಿ ಬರೀ ಸೊಪ್ಪಾಗುತ್ತದೆ. ಆದರೆ ಕಾಲ ನೋಡಿ. ಪಿಯುಸಿಯಲ್ಲಿ ಫೇಲಾದ ಸಂಜೆ ಆ ಮಗುವಿಗೆ ಚಳಿಗಾಲ. ಆ ಹೊತ್ತು ಕತ್ತರಿ ಒಳಗಿಡಿ, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ತಿದ್ದುವಾಗಲೂ ಉಳಿಸಬೇಕಾದ ಕಣ್ಣು ಎಣಿಸಿ. ಹೊತ್ತು ಮೀರಿ ಮೊಬೈಲ್ ನೋಡುವ ಚಟವನ್ನು ಕತ್ತರಿಸಿ. “ನೀನು ಯಾಕಾದರೂ ಹುಟ್ಟಿದೆಯೋ” ಎನ್ನಬೇಡಿ. ಅದು ಕೊಂಬೆಯಲ್ಲ, ತೆಂಗಿನ ಸುಳಿ.

ತೋಟದಿಂದ ಮರಳಿದ ವಾರ ಆ ತಾಯಿಯ ಮನೆಗೆ ಹೋದೆ. “ಅಮ್ಮಾ, ಅವತ್ತು ನಾನು ಆಡಿದ್ದು ತಪ್ಪು. ನಿಮ್ಮ ಮಗನನ್ನು ದೇವರು ಕತ್ತರಿಸಲಿಲ್ಲ” ಎಂದೆ. ಅವರು ಬಹಳ ಹೊತ್ತು ಅತ್ತರು. ಆಮೇಲೆ ಒಳಗೆ ಹೋಗಿ ಮಗನ ಫೋಟೋ ತಂದು ನನ್ನ ಕೈಗೆ ಕೊಟ್ಟು, ಅವನ ಬಾಲ್ಯದ ಸಂಗತಿಗಳನ್ನು ಹೇಳತೊಡಗಿದರು. ನಾನು ಕೇಳುತ್ತಾ ಕುಳಿತೆ.

ನಿಮ್ಮ ಬೀದಿಯಲ್ಲೂ ಚಳಿ ಹೊಡೆದ ಮನೆ ಒಂದಾದರೂ ಇದ್ದೀತು. ಈ ವಾರ ಅಲ್ಲಿಗೆ ಹೋಗಿ ಬನ್ನಿ. ಉಪದೇಶ ಬೇಡ, ತೋಟಗಾರನ ಹಾಗೆ ಗಿಡದ ಕಡೆ ನಿಂತರೆ ಸಾಕು. ನಿಜವಾದ ದ್ರಾಕ್ಷಾಬಳ್ಳಿಯಾದ ಪ್ರಭು ನಿಮ್ಮನ್ನು ತಮ್ಮಲ್ಲಿ ನೆಲೆಯಾಗಿರಿಸಲಿ.