ಋಣಶೇಷ, ಅಗ್ನಿಶೇಷ, ಶತ್ರುಶೇಷ

ಸಾಲ ತೀರಿಸುವಾಗ ಬಾಕಿ ಇಡಬೇಡ, ಬೆಂಕಿ ಆರಿಸುವಾಗ ಕಿಡಿ ಬಿಡಬೇಡ, ಹಗೆಯ ಬೇರು ಉಳಿಸಬೇಡ. ಹಿರಿಯರು ಇದನ್ನು ಮೂರೇ ಪದಗಳಲ್ಲಿ ಹೇಳಿ ಮುಗಿಸುತ್ತಾರೆ: ಋಣಶೇಷ, ಅಗ್ನಿಶೇಷ, ಶತ್ರುಶೇಷ. ಉಳಿದದ್ದು ಮತ್ತೆ ಬೆಳೆಯುತ್ತದೆ ಎಂಬುದು ತಾತ್ಪರ್ಯ. ಆದರೆ ಈ ಮಾತು ಬಾಯಿಗೆ ಬರುವುದು ಬಹುಮಟ್ಟಿಗೆ ಮೂರನೆಯದರ ಸಲುವಾಗಿಯೇ. ಆಸ್ತಿ ಜಗಳವಿರಲಿ, ಚುನಾವಣೆಯಿರಲಿ, ಎದುರಾಳಿಯನ್ನು ಪೂರ್ತಿ ಮುಗಿಸಬೇಕು ಎನ್ನುವವರಿಗೆ ಇದೊಂದು ಶಾಸ್ತ್ರಾಧಾರ. ಸಾಲವೂ ಬೆಂಕಿಯೂ ಬರೀ ಪ್ರಾಸಕ್ಕೆ ಬಂದವು ಎಂಬಂತೆ ಮರೆತುಹೋಗುತ್ತವೆ. ನಮ್ಮ ಮೈಸೂರು ಯುದ್ಧಗಳ ಕತೆಯನ್ನು ಎದುರಿಗಿಟ್ಟುಕೊಂಡರೆ ಈ ಅರ್ಥ ಹೆಚ್ಚು ದೂರ ನಡೆಯುವುದಿಲ್ಲ.

1784ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪುವೂ ಈಸ್ಟ್ ಇಂಡಿಯಾ ಕಂಪನಿಯೂ ಗೆದ್ದ ನೆಲವನ್ನು ಒಬ್ಬರಿಗೊಬ್ಬರು ಹಿಂದಿರುಗಿಸಿದರು. ಯಾರೂ ಸೋಲಲಿಲ್ಲ, ಯಾರಿಗೂ ಸಮಾಧಾನವಾಗಲಿಲ್ಲ. ಕಂಪನಿಯವರಂತೂ ಅದನ್ನು ಅವಮಾನವೆಂದೇ ಎಣಿಸಿದರು. 1789ರ ಕೊನೆಗೆ ಟಿಪ್ಪು ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದದ್ದೇ ನೆಪವಾಗಿ ಮೂರನೆಯ ಯುದ್ಧ ಹತ್ತಿತು.

ಅದು ಮುಗಿದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಮಲಬಾರು, ಬಾರಾಮಹಲು, ದಿಂಡಿಗಲ್ಲು ಕಂಪನಿಗೆ ಹೋದವು. ಉಳಿದದ್ದನ್ನು ಮರಾಠರೂ ನಿಜಾಮನೂ ಹಂಚಿಕೊಂಡರು. ಅದರ ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಹಣ ಸಂದಾಯವಾಗುವವರೆಗೆ ಇಬ್ಬರು ಎಳೆಯ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಒತ್ತೆಯಾಳುಗಳು. ಫೆಬ್ರವರಿ 26ರಂದು ಪಾಳೆಯಕ್ಕೆ ಬಂದ ಆ ಹುಡುಗರನ್ನು ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೈಹಿಡಿದು ಬರಮಾಡಿಕೊಂಡು, ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಈ ದೃಶ್ಯ ಇಂಗ್ಲಿಷ್ ಚಿತ್ರಕಾರರಿಗೆ ಹಬ್ಬವಾಯಿತು. ಕಾರ್ನ್‌ವಾಲಿಸ್ ದಯಾಳು ತಂದೆಯಾಗಿ ನಿಂತ ಚಿತ್ರಗಳು ಒಂದರ ಹಿಂದೊಂದು ಬಂದವು. ಆ ದಂಡದ ಹಣ ಎಲ್ಲಿಂದ ಹುಟ್ಟಿತು ಎಂಬುದನ್ನು ಯಾರೂ ಬಿಡಿಸಲಿಲ್ಲ. ಒಂದು ಪಾಲು ಬೊಕ್ಕಸದಿಂದ, ಒಂದು ಪಾಲು ಸೈನ್ಯದಿಂದ. ಮಿಕ್ಕದ್ದು ಅಧಿಕಾರಿಗಳ ಮತ್ತು ರೈತರ ತಲೆಯ ಮೇಲೆ. ಟಿಪ್ಪು ತಪ್ಪದೆ ಕಂತು ಕಟ್ಟಿದ. 1794ರಲ್ಲಿ ಮಕ್ಕಳು ದೇವನಹಳ್ಳಿಯಲ್ಲಿ ತಂದೆಯನ್ನು ಸೇರಿದರು. ಲೆಕ್ಕದ ಪ್ರಕಾರ ಋಣ ತೀರಿತ್ತು.

ಕಾರ್ನ್‌ವಾಲಿಸ್ ಟಿಪ್ಪುವನ್ನು ಪೂರ್ತಿ ಮುಗಿಸದೆ ಬಿಟ್ಟದ್ದು ಕರುಣೆಯಿಂದಲ್ಲ. ಮೈಸೂರು ಅಳಿದರೆ ಜೊತೆಗಿದ್ದ ಮರಾಠರೂ ನಿಜಾಮನೂ ಬಲಿಯುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಹಾಗಾಗಿ ಅರ್ಧ ರಾಜ್ಯ ಕಳೆದುಕೊಂಡ, ಆದರೆ ಇನ್ನೂ ಸೈನ್ಯ ಕಟ್ಟಬಲ್ಲ ದೊರೆಯೊಬ್ಬ ಉಳಿದ. ಅವನು ಕಳೆದದ್ದನ್ನು ಪಡೆಯಲು ಫ್ರೆಂಚರತ್ತ ಕೈಚಾಚಿದ. ಮಾರಿಷಸ್ಸಿನ ಗವರ್ನರ್ ಮಲಾರ್ಟಿಕ್ 1798ರ ಜನವರಿಯಲ್ಲಿ, ಗುಟ್ಟಾಗಿರಬೇಕಿದ್ದ ಆ ಮಾತುಕತೆಯನ್ನು ಊರಿಗೆಲ್ಲ ಕಾಣುವಂತೆ ಪ್ರಕಟಣೆ ಹಚ್ಚಿ ಸಾರಿದ! ಬಂದ ಸಹಾಯ ನೂರು ಜನವೂ ಇರಲಿಲ್ಲ. ಆದರೆ ಹೊಸ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಬೇಕಾಗಿದ್ದುದು ಸೈನಿಕರ ಎಣಿಕೆಯಲ್ಲ, ಕಾರಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ.

ಶತ್ರುಶೇಷದ ಪಕ್ಷದವರು ಇಲ್ಲಿ ತಲೆದೂಗುತ್ತಾರೆ. ಅರ್ಧ ಉಳಿಸಿದ್ದರಿಂದ ಏಳು ವರ್ಷಕ್ಕೆ ಇನ್ನೊಂದು ಯುದ್ಧ. ಈಗ ಶೇಷವಿಲ್ಲ, ಶಾಂತಿ. ಶಾಂತಿ ಎಷ್ಟು ದಿನ ಬಾಳಿತು?

ಕೋಟೆ ಬಿದ್ದ ಗದ್ದಲದಲ್ಲೇ ಸೆರೆಮನೆಯಿಂದ ಹೊರಬಿದ್ದವನು ಚನ್ನಗಿರಿಯ ಧೊಂಡಿಯ ವಾಘ್. ಅವನನ್ನು ಸೆರೆಗೆ ಹಾಕಿದ್ದವನು ಟಿಪ್ಪುವೇ. ಅಂದರೆ ಅವನು ಟಿಪ್ಪುವಿನ ಶೇಷವಲ್ಲ, ಶತ್ರುವಿನ ಶತ್ರು! ಆದರೂ ಟಿಪ್ಪುವಿನ ಕುದುರೆ ಸವಾರರು ಅವನ ಹಿಂದೆ ನಡೆದರು. ಗೆದ್ದವರು ಸರದಾರರಿಗೆ ಜಹಗೀರು, ಪಿಂಚಣಿ ಗೊತ್ತುಮಾಡಿದ್ದರು. ಕಮರುದ್ದೀನ್ ಖಾನನಿಗೆ ಗುರ್ರಂಕೊಂಡ ಸಿಕ್ಕಿತು. ದಿವಾನ್ ಪೂರ್ಣಯ್ಯ ಒಂದಷ್ಟು ಸವಾರರನ್ನು ಒಡೆಯರ ಹೊಸ ರಾಜ್ಯದ ಕೆಲಸಕ್ಕೆ ತೆಗೆದುಕೊಂಡರು. ಮಿಕ್ಕವರಿಗೆ ಕುದುರೆಯಿತ್ತು, ಕತ್ತಿಯಿತ್ತು, ಸಂಬಳವಿರಲಿಲ್ಲ. ಧೊಂಡಿಯ ಅವರಿಗೆ ಕೊಟ್ಟದ್ದು ಹೊಟ್ಟೆಪಾಡು. ಶಿಕಾರಿಪುರ, ಬಿದನೂರು ಸೀಮೆಯನ್ನು ಹಿಡಿದು ‘ಉಭಯ ಲೋಕಾಧೀಶ್ವರ’ ಎಂಬ ಬಿರುದು ಧರಿಸಿದ. ತುಂಗಭದ್ರೆಯಾಚೆಗೆ ಅಟ್ಟಿದರೆ ಮರುವರ್ಷ ದೊಡ್ಡ ದಂಡು ಕಟ್ಟಿಕೊಂಡು ಎದ್ದ. ಗವರ್ನರ್ ಜನರಲ್ಲನ ತಮ್ಮ ಆರ್ಥರ್ ವೆಲ್ಲೆಸ್ಲಿ ಸವಣೂರು, ಡಂಬಳ, ಮಲಪ್ರಭೆಯ ದಡ ಎಂದು ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಈಗಿನ ರಾಯಚೂರು ಕಡೆಯ ಕೋಣಗಲ್ಲಿನಲ್ಲಿ ಅವನನ್ನು ಕೊಂದ. ಸಾಮಾನಿನ ನಡುವೆ ಸಿಕ್ಕಿದ ಧೊಂಡಿಯನ ಪುಟ್ಟ ಮಗ ಸಲಾಬತ್ ಖಾನನನ್ನು ತಾನೇ ಸಾಕಿಸಿದ, ಹಿಂದಿರುಗುವಾಗ ಅವನ ಖರ್ಚಿಗೆ ಹಣ ಇಟ್ಟುಹೋದ. ಶತ್ರುಶೇಷವೆಂದರೆ ಅಕ್ಷರಶಃ ಆ ಮಗುವೇ ಆಗಬೇಕು. ಅವನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿದ. ಅವನಿಂದ ಯಾವ ಯುದ್ಧವೂ ಹುಟ್ಟಲಿಲ್ಲ.

ಆದ್ದರಿಂದ ಆ ಮೂರು ಪದಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೊದಲಿನ ಎರಡು. ಸಾಲ ಕೊಟ್ಟವನನ್ನು ಕೊಂದರೆ ಸಾಲ ತೀರುವುದಿಲ್ಲ, ಅದನ್ನು ಸಲ್ಲಿಸಬೇಕು. ಬೆಂಕಿಯನ್ನು ಹೊಡೆದರೆ ಕಿಡಿ ಹಾರುತ್ತದೆ, ನೀರು ಹಾಕಬೇಕು. ಹಗೆಯ ವಿಷಯ ಬಂದಾಗ ಮಾತ್ರ ಕಡಿಯುವುದೇ ದಾರಿ ಎಂದು ಯಾರು ಹೇಳಿದರು? ಸಂಬಳವಿಲ್ಲದ ಸವಾರರೇ ಅಗ್ನಿಶೇಷ, ಮತ್ತು ಅದನ್ನು ಉಳಿಸಿದ್ದು ಸೋತವನಲ್ಲ, ಗೆದ್ದವನ ಲೆಕ್ಕಪತ್ರ. ವೆಲ್ಲೂರಿನ ಕೋಟೆಯಲ್ಲಿಟ್ಟ ಟಿಪ್ಪುವಿನ ಮಕ್ಕಳ ಕತೆಯೂ ಅಷ್ಟೆ. 1806ರ ಜುಲೈ 10ರಂದು ಅಲ್ಲಿನ ಸಿಪಾಯಿಗಳು ದಂಗೆಯೆದ್ದದ್ದು ಹೊಸ ಪಾಗಿನ ನಿಯಮದ ಸಿಟ್ಟಿಗೆ; ಮೈಸೂರಿನ ಹುಲಿ ಬಾವುಟ ಹಾರಿದ್ದು ಆಮೇಲೆ.

ಋಣದ್ದು ಎಲ್ಲಕ್ಕಿಂತ ಉದ್ದದ ಕತೆ. 1799ರ ಜುಲೈನಲ್ಲಿ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆದ ಒಪ್ಪಂದ ಮೈಸೂರಿನ ಮೇಲೆ ವರ್ಷಕ್ಕೆ 7 ಲಕ್ಷ ವರಹದ ಪೊಗದಿ ಹೊರಿಸಿತು. ಅದು ನಿಲ್ಲುವ ಭಯ ಕಂಡರೆ ಕಂಪನಿ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದು ಎಂಬ ಕಲಮೂ ಅದರಲ್ಲಿತ್ತು. ಕಂದಾಯ ವಸೂಲಿಯ ಬಿಗಿಗೆ ಬೇಸತ್ತು 1830ರಲ್ಲಿ ನಗರ ಸೀಮೆಯ ರೈತರು ಎದ್ದರು. ಬಿದನೂರಿನ ಅರಸುಮನೆತನದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಅವರ ಮುಂದೆ ನಿಂತ. ಮತ್ತೆ ಮೈಸೂರಿನ ನೆಲದಲ್ಲಿ ಕಂಪನಿಯ ಪಡೆ ಓಡಾಡಿತು. 1831ರಲ್ಲಿ ಅದೇ ಕಲಮನ್ನು ತೋರಿಸಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತ ಕಿತ್ತುಕೊಂಡ. ಅದು ಒಡೆಯರ ಕೈಗೆ ಮರಳಿದ್ದು 1881ರಲ್ಲಿ.