ನಡುವೆ ಒಂದು ಬಟ್ಟೆ

ಉತ್ತರಾಖಂಡದ ಸಾಂಕ್ರಿಯಿಂದ ಕೇದಾರಕಂಠ ಶಿಖರಕ್ಕೆ ಚಾರಣ ಹೊರಟವರು ಮೊದಲ ರಾತ್ರಿ ಕಾಡಿನ ನಡುವೆ ಟೆಂಟಿನಲ್ಲಿ ಮಲಗುತ್ತಾರೆ. ಡಿಸೆಂಬರಿನ ಕೊನೆಯ ವಾರ. ಸಂಜೆ ಐದೂವರೆಗೆಲ್ಲ ಬೆಳಕು ಹೋಗಿ, ಬಾಟಲಿಯ ನೀರು ಹೆಪ್ಪುಗಟ್ಟಲು ಶುರುವಾಗಿತ್ತು. ನಮ್ಮ ತಂಡದ ಸಹಾಯಕ ಹುಡುಗ ಎಲ್ಲರಿಗೂ ಒಂದೊಂದು ಸ್ಲೀಪಿಂಗ್ ಬ್ಯಾಗ್ ಹಂಚುತ್ತ ಬಂದ. ನನ್ನದನ್ನು ಬಿಚ್ಚಿ ಮುಖ ಒಳಗಿಟ್ಟೆ. ತಲೆಗೆ ಹಚ್ಚುವ ಎಣ್ಣೆ, ಒಲೆಯ ಹೊಗೆ, ಯಾರದೋ ಬೆವರು ಎಲ್ಲ ಸೇರಿದ ವಾಸನೆ.

"ಇದನ್ನ ತೊಳೆದಿದ್ದೀರಾ?" ಎಂದು ಕೇಳಿದೆ.

ಅವನಿಗೆ ಬೇಸರವೇನೂ ಆಗಲಿಲ್ಲ. "ಇಲ್ಲ ಸರ್‌ಜೀ, ಸೀಸನ್ ಮುಗಿದ ಮೇಲೆ ತೊಳೆಯೋದು. ಮೊನ್ನೆ ಇದರಲ್ಲಿ ಮಲಗಿದವರೂ ಬೆಂಗಳೂರಿನವರೇ" ಎಂದ.

ಆ ಕೊನೆಯ ಮಾತನ್ನು ಅವನು ಸಮಾಧಾನಕ್ಕೆ ಹೇಳಿದನೋ, ತಮಾಷೆಗೋ, ಇವತ್ತಿಗೂ ತಿಳಿಯದು. ಆದರೆ ನಾನು ನಿಜವಾಗಿ ಕೇಳಬೇಕೆಂದಿದ್ದ ಪ್ರಶ್ನೆಗೆ ಅವನು ಉತ್ತರ ಕೊಟ್ಟಿದ್ದ ಎಂಬುದು ಮಾತ್ರ ನನಗೆ ಆಗಲೇ ಹೊಳೆದಿತ್ತು. ತೊಳೆದಿದ್ದೀರಾ ಎಂದು ಬಾಯಿ ಕೇಳಿತ್ತು. ಯಾರು ಮಲಗಿದ್ದರು ಎಂದು ಮನಸ್ಸು ಕೇಳಿತ್ತು. ಆ ರಾತ್ರಿ ಕೈಗವಸು, ಕಾಲುಚೀಲ, ಮಂಕಿಕ್ಯಾಪು ಎಲ್ಲ ಹಾಕಿಕೊಂಡು, ಮೈಯ ಚರ್ಮ ಎಲ್ಲಿಯೂ ಬಟ್ಟೆಗೆ ತಾಗದಂತೆ ಬಿಗಿದುಕೊಂಡು ಮಲಗಿದೆ. ನಿದ್ದೆ ಬರಲಿಲ್ಲ.

ಇದಕ್ಕೊಂದು ಸುಲಭದ ಪರಿಹಾರ ಇದೆ ಎಂದು ಗೊತ್ತಾದದ್ದು ಊರಿಗೆ ಬಂದ ಮೇಲೆ. ಸ್ಲೀಪಿಂಗ್ ಬ್ಯಾಗಿನ ಒಳಗೆ ಹಾಕಿಕೊಳ್ಳುವ ತೆಳು ಬಟ್ಟೆಯ ಚೀಲಕ್ಕೆ ಲೈನರ್ ಎನ್ನುತ್ತಾರೆ. ದಿಂಬಿಗೆ ಗವಸು ಇದ್ದ ಹಾಗೆ, ಆದರೆ ಒಳಮುಖವಾಗಿ. ಅಂಗಡಿಯಲ್ಲಿ ಸಿಗುತ್ತದೆ. ಹೊಲಿಗೆ ಮೆಷಿನ್ ಇರುವ ಮನೆಯಲ್ಲಿ ಇದನ್ನು ಕೊಂಡು ತರುವುದು ನಾಚಿಕೆ ಎಂದು ಅಮ್ಮ ಹೇಳಿದಳು. ಟ್ರಂಕಿನಿಂದ ಅಜ್ಜಿಯ ಒಂದು ಹಳೆಯ ಪಟ್ಟೆ ಸೀರೆ ತೆಗೆದುಕೊಟ್ಟಳು. ಯಾರೂ ಉಡದ ಸೀರೆ. ಹಾಗಂತ ಎಸೆಯುವಂತೆಯೂ ಇರಲಿಲ್ಲ.

ಹೊಲಿಯುವುದು ಕಷ್ಟವೇನಲ್ಲ. ಸೀರೆಯ ಅಗಲ ಸುಮಾರು 1.15 ಮೀಟರ್. ಉದ್ದದಲ್ಲಿ 4.6 ಮೀಟರ್ ಕತ್ತರಿಸಿ ಎರಡಾಗಿ ಮಡಿಸಿದರೆ 2.3 ಮೀಟರಿನ ಚೀಲ. ಮಡಿಕೆ ಕಾಲಿನ ಕಡೆಗೆ ಬರಬೇಕು. ನಿದ್ದೆಯಲ್ಲಿ ಒದೆಯುವುದು ಅಲ್ಲೇ, ಹೊಲಿಗೆ ಇದ್ದರೆ ಬಿಚ್ಚಿಕೊಳ್ಳುವುದೂ ಅಲ್ಲೇ. ಭುಜದ ಹತ್ತಿರ 85 ಸೆಂಟಿಮೀಟರ್, ಪಾದದ ಹತ್ತಿರ 60 ಇರುವಂತೆ ಎರಡೂ ಪಕ್ಕ ಓರೆಯಾಗಿ ಸೀಮೆಸುಣ್ಣದಲ್ಲಿ ಗೆರೆ ಹಾಕಬೇಕು. ಜರಿ ಅಂಚು ಮೈಗೆ ಚುಚ್ಚುತ್ತದೆ, ತೂಕವೂ ಹೆಚ್ಚು, ಅದನ್ನು ಬಿಟ್ಟುಬಿಡಬೇಕು. ಒಂದು ಪಕ್ಕದಲ್ಲಿ ತಲೆಯ ಕಡೆಯಿಂದ 45 ಸೆಂಟಿಮೀಟರ್ ಹೊಲಿಯದೆ ಬಿಟ್ಟರೆ ಒಳಗೆ ನುಸುಳಲು, ರಾತ್ರಿ ಎದ್ದು ಹೊರಬರಲು ಅನುಕೂಲ. ಹೊಲಿಗೆ ಎರಡು ಸಲ ಹಾಕಬೇಕು: ಮೊದಲು ಬಟ್ಟೆಯ ಹೊರಮೈ ಮೇಲೆ, ಆಮೇಲೆ ಚೀಲವನ್ನು ತಿರುವಿ ಒಳಗಡೆಯಿಂದ. ಆಗ ಕತ್ತರಿಸಿದ ಅಂಚಿನ ಎಳೆಗಳೆಲ್ಲ ಎರಡು ಹೊಲಿಗೆಗಳ ನಡುವೆ ಸಿಕ್ಕಿಕೊಂಡು ಹೊರಗೆ ಬರುವುದಿಲ್ಲ. ಹಳೆಯ ರೇಷ್ಮೆ ವರ್ಷಗಟ್ಟಲೆ ಮಡಿಸಿಟ್ಟ ಗೆರೆಯಲ್ಲೇ ಸೀಳುತ್ತದೆ. ಅಂಥ ಎರಡು ಕಡೆ ಉಳಿದ ತುಂಡಿನಿಂದ ತೇಪೆ ಹಾಕಿದೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 230 ಗ್ರಾಂ. ಹತ್ತಿಯ ಬೆಡ್‌ಶೀಟಿನಲ್ಲಿ ಹೊಲಿದಿದ್ದರೆ ಇದರ ಎರಡರಷ್ಟಾದರೂ ತೂಗುತ್ತಿತ್ತು, ಒದ್ದೆಯಾದರೆ ಬೇಗ ಒಣಗುತ್ತಲೂ ಇರಲಿಲ್ಲ.

ಮೆಷಿನ್ ತುಳಿಯುತ್ತ ಕೂತಾಗ ಅಜ್ಜಿಯ ನೆನಪಾಯಿತು. ಇದು ಅವಳ ಮಡಿ ಸೀರೆ. ಹತ್ತಿ ಬಟ್ಟೆಗೆ ಬೇಗ ಮೈಲಿಗೆ ತಟ್ಟುತ್ತದೆ, ದಿನವೂ ಒಗೆದು ಒಣಗಿಸಬೇಕು. ರೇಷ್ಮೆಗೆ ಅಷ್ಟು ಬೇಗ ತಟ್ಟುವುದಿಲ್ಲ ಎಂಬುದು ಅವಳ ಲೆಕ್ಕ. ಸೂರಿನ ಹತ್ತಿರ ಕಟ್ಟಿದ ಗಳದ ಮೇಲೆ ಈ ಸೀರೆ ತೂಗುತ್ತಿತ್ತು. ಮಡಿಕೋಲಿನಿಂದ ಎತ್ತಿ ಹಾಕಿ, ಮಡಿಕೋಲಿನಿಂದಲೇ ಇಳಿಸಿಕೊಳ್ಳುತ್ತಿದ್ದಳು. ಮಕ್ಕಳಾದ ನಾವು ತಾಗಿದರೆ ಬೈಗುಳ. ಅಂಗಳ ಸಾರಿಸಲು ಬರುತ್ತಿದ್ದಾಕೆಗೆ ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದಳು. ಅಜ್ಜಿ ಕೆಟ್ಟವಳಲ್ಲ. ಅದೇ ಹೆಂಗಸಿನ ಬಾಣಂತನಕ್ಕೆ ಮನೆಯಿಂದ ತುಪ್ಪ, ಬೆಲ್ಲ ಕಳಿಸಿದವಳೂ ಅವಳೇ. ತುಪ್ಪ ಕೊಟ್ಟ ಕೈ ನೀರನ್ನು ಮೇಲಿನಿಂದ ಹೊಯ್ಯುವುದನ್ನು ಮಾತ್ರ ಬಿಡಲಿಲ್ಲ.

ಮಡಿ ಎಂದರೆ ಒಗೆದ ಬಟ್ಟೆ ಎಂಬ ಅರ್ಥವೂ ಉಂಟು. ಅದನ್ನು ಒಗೆದು ಕೊಡುವವನು ಮಡಿವಾಳ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಾಚಿದೇವರ ಹೆಸರಿಗೇ ಆ ಕಾಯಕ ಅಂಟಿಕೊಂಡಿದೆ. ಆದರೆ ನಮ್ಮ ಮನೆಯಲ್ಲಿ ನಾನು ಕಂಡದ್ದೇ ಬೇರೆ. ಮಡಿವಾಳರು ಕಲ್ಲಿಗೆ ಬಡಿದು, ಬಿಸಿಲಿಗೆ ಒಣಗಿಸಿ, ಬೆಳ್ಳಗೆ ಮಾಡಿ ತಂದ ಬಟ್ಟೆಗಳನ್ನು ಅಜ್ಜಿ ಹಿತ್ತಿಲಿನ ಕಟ್ಟೆಯ ಮೇಲೆ ಇಡಿಸಿಕೊಂಡು, ಇನ್ನೊಮ್ಮೆ ನೀರಿಗೆ ಅದ್ದಿ ಹಿಂಡಿಯೇ ಒಳಗೆ ತರುತ್ತಿದ್ದಳು. ಕೊಳೆ ಹೋಗಿತ್ತು. ಕೈ ತಾಗಿತ್ತಲ್ಲ, ಅದು ಹೋಗಬೇಕಿತ್ತು.

ಮೆಷಿನ್ ನಿಲ್ಲಿಸಿದೆ. ನಾನು ಹೊಲಿಯುತ್ತಿರುವುದಾದರೂ ಏನು? ಬೇರೆಯವರ ಮೈ ನನ್ನ ಮೈಗೆ ತಾಗದಿರಲಿ ಎಂದೇ ಇದ್ದ ಸೀರೆಯಿಂದ, ಬೇರೆಯವರ ಬೆವರು ನನಗೆ ತಾಗದಿರಲಿ ಎಂದು ಒಂದು ಚೀಲ. ಅಜ್ಜಿಯ ಮಡಿಯನ್ನು ಬೆನ್ನಿಗೆ ಹಾಕಿಕೊಂಡು ಹಿಮಾಲಯ ಹತ್ತಲು ಹೊರಟಿದ್ದೇನೆಯೇ?

ಇದು ಬರಿಯ ನೈರ್ಮಲ್ಯ ಎಂದು ತಳ್ಳಿಹಾಕಬಹುದಿತ್ತು. ಆ ಬ್ಯಾಗು ನಿಜಕ್ಕೂ ಕೊಳೆಯಾಗಿತ್ತು. ಆದರೆ ನಾನು ದಿನವೂ ಹಿಡಿಯುವ ಬಸ್ಸಿನ ಕಂಬಿ, ದರ್ಶಿನಿಯ ನೀರಿನ ಲೋಟ, ಕೈಯಿಂದ ಕೈಗೆ ಬಂದ ಹತ್ತು ರೂಪಾಯಿಯ ನೋಟು ಅದಕ್ಕಿಂತ ಶುದ್ಧವೇನಲ್ಲ. ಅಲ್ಲೆಲ್ಲ ಸುಮ್ಮನಿರುವ ಅಸಹ್ಯ ಇಲ್ಲಿ ಮಾತ್ರ ಏಕೆ ಎದ್ದಿತು? ಮಾನವಶಾಸ್ತ್ರಜ್ಞೆ ಮೇರಿ ಡಗ್ಲಾಸ್ 1966ರ ತಮ್ಮ ಪುಸ್ತಕದಲ್ಲಿ, ಮೈಲಿಗೆಯ ಕಟ್ಟಳೆಗಳನ್ನೆಲ್ಲ ಹಳೆಯ ಕಾಲದ ಆರೋಗ್ಯಶಾಸ್ತ್ರ ಎಂದು ವಿವರಿಸುವುದು ಸಾಲದು ಎಂದು ವಾದಿಸಿದ್ದರು. ಕೊಳೆ ಎಂಬ ಕಲ್ಪನೆಯ ಹಿಂದೆ, ಯಾವುದು ಎಲ್ಲಿರಬೇಕು ಎಂಬ ಒಂದು ವ್ಯವಸ್ಥೆಯ ಕಲ್ಪನೆ ಇರುತ್ತದೆ ಎಂಬುದು ಅವರ ಮಾತಿನ ಸಾರ. ನನ್ನ ಮೂಗಿಗೂ ಅಂಥದೊಂದು ವ್ಯವಸ್ಥೆಯನ್ನು ಯಾರೋ ಕಲಿಸಿರಬೇಕು.

ಹಾಗಾದರೆ ಲೈನರ್ ಬೇಡವೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಟ್ಟೆಯ ಇನ್ನೊಂದು ಮಗ್ಗುಲನ್ನು ನೋಡಿದಾಗ. ಸ್ವಿಸ್ ಆಲ್ಪೈನ್ ಕ್ಲಬ್ಬಿನ ಬೆಟ್ಟದ ತಂಗುಮನೆಗಳಲ್ಲಿ ಹೊದಿಕೆ ಅವರೇ ಕೊಡುತ್ತಾರೆ, ಆದರೆ ಒಳಚೀಲವನ್ನು ಅತಿಥಿಯೇ ತರಬೇಕು ಎಂಬ ನಿಯಮವಿದೆ. ಅಷ್ಟು ಎತ್ತರದಲ್ಲಿ ದಿನವೂ ಕಂಬಳಿ ತೊಳೆಯಲು ನೀರೂ ಇರುವುದಿಲ್ಲ, ಒಣಗಿಸಲು ಅನುಕೂಲವೂ ಇಲ್ಲ. ನಮ್ಮ ಚಾರಣದ ಬ್ಯಾಗುಗಳದ್ದೂ ಇದೇ ಕಥೆ. ಹಕ್ಕಿಯ ಮೆದುಪುಕ್ಕ ತುಂಬಿದ ಬ್ಯಾಗಿಗೆ ಮೈಯ ಎಣ್ಣೆ, ಬೆವರು ಇಳಿದಷ್ಟೂ ಪುಕ್ಕ ಅಂಟಿಕೊಂಡು, ಉಬ್ಬು ಕಳೆದುಕೊಂಡು, ಬೆಚ್ಚಗಿಡುವ ಶಕ್ತಿ ಕುಂದುತ್ತದೆ. ಪದೇ ಪದೇ ತೊಳೆದರೂ ಹಾಳು. ಹೀಗಾಗಿ ಒಳಚೀಲ ಕಾಯುವುದು ಬ್ಯಾಗಿನಿಂದ ನನ್ನನ್ನಲ್ಲ, ನನ್ನಿಂದ ಬ್ಯಾಗನ್ನು. ನಾಳೆ ಅದರಲ್ಲಿ ನಡುಗುತ್ತ ಮಲಗುವವರು ಯಾರೋ, ಅವರಿಗಾಗಿ.

ಬಟ್ಟೆ ಅದೇ. ಆದರೆ ಅದನ್ನು ನಡುವೆ ಹಾಕುವ ಕಾರಣ ಎರಡು. ನಿನ್ನೆ ಇಲ್ಲಿ ಯಾರಿದ್ದರು ಎಂದು ಕೇಳುವುದು ಮಡಿ. ನಾನು ಇಲ್ಲಿ ಏನು ಬಿಟ್ಟುಹೋಗುತ್ತಿದ್ದೇನೆ ಎಂದು ಕೇಳುವುದು ಬೇರೆ. ಮೊದಲನೆಯದರಲ್ಲಿ ಕೊಳೆ ಯಾವಾಗಲೂ ಇನ್ನೊಬ್ಬನದು. ಎರಡನೆಯದರಲ್ಲಿ ಅದು ನನ್ನದು. ಈ ವ್ಯತ್ಯಾಸ ಕಂಡುಕೊಂಡೆನೆಂದು ನನಗೆ ಬಹಳ ಸಮಾಧಾನವಾಯಿತು. ಉಳಿದ ಪಕ್ಕವನ್ನೂ ಹೊಲಿದು ಮುಗಿಸಿದೆ.

ಮರುವರ್ಷದ ಚಾರಣದಲ್ಲಿ ಅದನ್ನು ಒಯ್ದೆ. ಎರಡನೆಯ ರಾತ್ರಿ ಪಾತ್ರೆ ತೊಳೆಯುತ್ತಿದ್ದ ಹುಡುಗನೊಬ್ಬ ಹಿಮದಲ್ಲಿ ನೆನೆದು ಬಂದು, ಹಲ್ಲು ಕಟಕಟ ಎನ್ನುವಷ್ಟು ನಡುಗತೊಡಗಿದ. ನಮಗೆಲ್ಲ ಬ್ಯಾಗು ಹಂಚಿದ ಆ ಕೆಲಸದವರು ಅಡುಗೆ ಟೆಂಟಿನಲ್ಲಿ ಎರಡೆರಡು ಕಂಬಳಿ ಹೊದ್ದು ಮಲಗುತ್ತಾರೆಂದು ನನಗೆ ಗೊತ್ತಾದದ್ದೇ ಆಗ. ಗೈಡ್ ಅವನ ಒದ್ದೆ ಬಟ್ಟೆ ಬಿಚ್ಚಿಸಿದರು. ಅವನನ್ನು ಬೆಚ್ಚಗಿನ ಬ್ಯಾಗಿಗೆ ಸೇರಿಸಬೇಕು ಎಂದರು. ಹತ್ತಿರ ಬಿಚ್ಚಿಟ್ಟಿದ್ದದ್ದು ನನ್ನದೇ. ಕೊಟ್ಟೆ. ಆದರೆ ಕೊಡುವ ಮುಂಚೆ, ಲೈನರನ್ನು ಹೊರಗೆ ಎಳೆದುಕೊಳ್ಳಲೇ ಎಂದು ನನ್ನ ಕೈ ಒಂದು ಕ್ಷಣ ಬ್ಯಾಗಿನ ಬಾಯಿಯ ಹತ್ತಿರ ಹೋಗಿತ್ತು. ಯಾರೂ ನೋಡಲಿಲ್ಲ. ಹುಡುಗ ಬೆಳಗ್ಗೆ ಚಹಾ ತಂದುಕೊಟ್ಟು ನಕ್ಕ.

ಬೆಂಗಳೂರಿಗೆ ಬಂದು ಲೈನರನ್ನು ಅಂಟುವಾಳದ ನೊರೆಯಲ್ಲಿ ನೆನೆಸಿ, ಜಾಲಾಡಿಸಿ ಹಿಂಡಿದೆ. ಅದಕ್ಕೂ ಮುಂಚೆ ನಾನೊಬ್ಬನೇ ಬಳಸಿದಾಗಲೆಲ್ಲ ಅಷ್ಟಕ್ಕೇ ಮುಗಿಯುತ್ತಿತ್ತು. ಅವತ್ತು ಮತ್ತೊಂದು ಬಕೆಟ್ ತುಂಬಿದೆ. ರೇಷ್ಮೆಗೆ ಆಗದು ಎಂದು ಗೊತ್ತಿದ್ದೂ ಬಿಸಿನೀರನ್ನೇ ಬಿಟ್ಟೆ.

ಅಮ್ಮ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಒಂದ್ಸಲ ಒಗೆದಾಯ್ತಲ್ಲ?" ಎಂದಳು.

ನಾನು ಏನೂ ಹೇಳಲಿಲ್ಲ.

"ನಮ್ಮತ್ತೆಯವರೂ ಹೀಗೇ ಮಾಡ್ತಿದ್ದರು" ಎಂದು ಒಳಗೆ ಹೋದಳು. ಅವಳ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ. ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಮಡಿಕೋಲಿಗೆ ಕೈ ತಾಗದಂತೆ ಓಡಾಡಿದವಳು ತಾನು ಕಂಡದ್ದನ್ನು ಹೇಳಿದ್ದಳು, ಅಷ್ಟೇ.

ಯೋಚನೆ ಮಾಡಿ ಕಂಡುಕೊಂಡ ವ್ಯತ್ಯಾಸವನ್ನು ಕೈ ಇನ್ನೂ ಕಲಿತಿರಲಿಲ್ಲ. ಬಹುಶಃ ಅದು ಯೋಚನೆಯಿಂದ ಬರುವಂಥದ್ದೂ ಅಲ್ಲ. ಎರಡನೆಯ ಬಕೆಟ್ಟಿನ ಮುಂದೆ ನಿಂತಾಗ ಪ್ರತಿ ಸಲವೂ ಕಲಿಯಬೇಕಾದದ್ದು. ಆ ನೀರನ್ನು ಗಿಡಗಳಿಗೆ ಹಾಕಲು ಆರುವ ತನಕ ಪಕ್ಕಕ್ಕಿಟ್ಟೆ. ಒಮ್ಮೆ ಮಾತ್ರ ಒಗೆದ ಬಟ್ಟೆಯನ್ನು ತಾರಸಿಗೆ ಒಯ್ದು, ಎಲ್ಲರ ಬಟ್ಟೆಗಳೂ ಇದ್ದ ಹಗ್ಗದ ಮೇಲೆ, ನೆರಳಿದ್ದ ಕಡೆ ಹರವಿದೆ.