ತುಂಗಭದ್ರೆಯ ಹೂಳೂ ಜೀವಕರ್ತೃತ್ವವೂ

ಶ್ರಾವಣ ಬಹುಳದಲ್ಲಿ ಶ್ರೀಗುರುರಾಜರ ಆರಾಧನೆಗೆಂದು ಮಂತ್ರಾಲಯಕ್ಕೆ ಹೋಗುವ ನಾವು ಮೊದಲು ತುಂಗಭದ್ರೆಯಲ್ಲಿ ಮಿಂದು, ಅನಂತರ ಬೃಂದಾವನದ ದರ್ಶನಕ್ಕೆ ನಿಲ್ಲುತ್ತೇವೆ. ಆನೆಗೊಂದಿಯ ನವಬೃಂದಾವನವಿರುವುದೂ ಈ ನದಿಯ ನಡುಗಡ್ಡೆಯಲ್ಲಿಯೇ. ವರಾಹದೇವರ ದಂಷ್ಟ್ರಗಳಿಂದ ಹರಿದು ಬಂದವಳೆಂದು ಪ್ರಸಿದ್ಧಳಾದ ಈ ತಾಯಿಯ ಇಂದಿನ ಸ್ಥಿತಿಯನ್ನು ಆಸ್ತಿಕರು ಒಮ್ಮೆ ವಿಚಾರಿಸಬೇಕು.

1953ರಲ್ಲಿ ಹೊಸಪೇಟೆಯ ಬಳಿ ಜಲಾಶಯದಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಆಗಿತ್ತು, ಈಗ ಉಳಿದಿರುವುದು ಸುಮಾರು 105 ಮಾತ್ರ. ಐದರಲ್ಲಿ ಒಂದು ಪಾಲನ್ನು ಹೂಳು ನುಂಗಿದೆ. ಹೊಳೆಗೆ ಮಣ್ಣು ಬರುವುದು ಸಹಜವೇ. ಆದರೆ ಕಾಡು ಕಡಿದ ಇಳಿಜಾರಿನಲ್ಲಿ, ಗಣಿಗಾಗಿ ಅಗೆದ ಗುಡ್ಡದಲ್ಲಿ, ಬೇರುಗಳ ಹಿಡಿತ ತಪ್ಪಿದ ಮಣ್ಣು ಮಳೆಗೆ ಬಹುಪಾಲು ಹೆಚ್ಚಾಗಿ ಕೊಚ್ಚಿಬರುತ್ತದೆ. ಭದ್ರೆಯ ಉಗಮದ ಸಮೀಪದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ನಿಂತಿತು. ಅದಿರನ್ನು ತೆಗೆದವರು ಯಾರೋ ಇರಬಹುದು. ಕಬ್ಬಿಣವನ್ನು ಬಳಸಿದವರಲ್ಲಿ ನಾವೂ ಇದ್ದೇವೆ. ಈ ಕಾಲುವೆಗಳ ನೀರಿನಿಂದ ಬೆಳೆದ ಅಕ್ಕಿಯೇ ನಮ್ಮ ಎಷ್ಟೋ ಮನೆಗಳಲ್ಲಿ ನೈವೇದ್ಯಕ್ಕೆ ಬರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಸರ್ವವೂ ಶ್ರೀಹರಿಯ ಅಧೀನವಲ್ಲವೆ? ಹೂಳು ತುಂಬಿದುದೂ ಅವನ ಸಂಕಲ್ಪವೇ ಆದಮೇಲೆ ನಮ್ಮ ದೋಷವೇನು?

ಹೀಗೆನ್ನುವುದು ಸಿದ್ಧಾಂತವನ್ನು ಅರ್ಧ ಹಿಡಿದಂತೆ. ಜೀವನಿಗೆ ಸ್ವತಂತ್ರಕರ್ತೃತ್ವವಿಲ್ಲವೆಂದ ಶ್ರೀಮದಾಚಾರ್ಯರು ಭಗವದಧೀನವಾದ ಕರ್ತೃತ್ವವನ್ನು ಅಂಗೀಕರಿಸಿಯೇ ಇದ್ದಾರೆ. ಅದಿಲ್ಲವಾದರೆ ಶಾಸ್ತ್ರದ ವಿಧಿನಿಷೇಧಗಳೆಲ್ಲ ವ್ಯರ್ಥವಾಗುವುವು. ಹರಿಯೇ ಸ್ವತಂತ್ರನೆಂಬ ಅನುಸಂಧಾನವು ಅಹಂಕಾರವನ್ನು ಕಳೆಯಲೆಂದು ಉಪದಿಷ್ಟವಾದುದು, ಅಪರಾಧವನ್ನು ಮರೆಸಲೆಂದಲ್ಲ. ಫಸಲು ಬಂದಾಗ ನಮ್ಮ ಪ್ರಯತ್ನವೆಂದು, ಹೂಳು ತುಂಬಿದಾಗ ದೈವೇಚ್ಛೆಯೆಂದು ಹೇಳುವುದು ಭಕ್ತಿಯಲ್ಲ, ವಂಚನೆ.

ಇನ್ನೊಂದು ಮಾತು. ಜಗತ್ತು ಸತ್ಯವೆಂಬುದು ನಮ್ಮ ಮತ. ಜಗತ್ತು ಸತ್ಯವಾದರೆ ಅದಕ್ಕಾದ ಹಾನಿಯೂ ಸತ್ಯ. ಆ ಜಗತ್ತಿನ ಒಡೆಯನು ಶ್ರೀಹರಿ. ನಾವು ಅವನ ಸೊತ್ತನ್ನು ನೋಡಿಕೊಳ್ಳಲು ನಿಂತ ಆಳುಗಳು. ಒಡೆಯನ ಹೊಲದ ಮಣ್ಣನ್ನು ಹಾಳುಮಾಡಿ, ಅದೇ ಹೊಲದ ಹೂವನ್ನು ಅವನ ಪಾದಕ್ಕಿಟ್ಟರೆ ಒಡೆಯನು ಪ್ರೀತನಾಗುವನೆ?

ಆದ್ದರಿಂದ ಈ ಬಾರಿ ಸ್ನಾನಸಂಕಲ್ಪ ಮಾಡುವಾಗ ಇಷ್ಟನ್ನು ನೆನೆಯೋಣ: ಉಟ್ಟ ಬಟ್ಟೆಯನ್ನು ನದಿಯಲ್ಲಿ ಬಿಡಬಾರದು, ಪ್ಲಾಸ್ಟಿಕ್ ಎಸೆಯಬಾರದು, ಹೊಲವುಳ್ಳವರು ಬದುಗಳನ್ನು ಕಾಯಬೇಕು, ಇಳಿಜಾರಿನ ಮರಗಳನ್ನು ಉಳಿಸಬೇಕು. ಇದೂ ಪೂಜೆಯೇ. ಇಂತಹ ಕರ್ಮವನ್ನು ಅರ್ಪಿಸಿದಾಗ ಕೃಷ್ಣಾರ್ಪಣವೆಂಬ ಮಾತು ನಮ್ಮ ಬಾಯಲ್ಲಿ ಸಾರ್ಥಕವಾದೀತು.

|| ಶ್ರೀಕೃಷ್ಣಾರ್ಪಣಮಸ್ತು ||